ಭಾನುವಾರ ಬಿದ್ದ ಯುಗಾದಿ

ಬಳ್ಳಾರಿ, ೨ ಜನವರಿ ೧೯೫೦

ಸಿರುಗುಪ್ಪ ಶಾಖೆಯ ತೂಕದ ಗುಮಾಸ್ತ ಚಿ. ದುರುಗಪ್ಪನಿಗೆ, ಚಿದಾನಂದಪ್ಪ ಸಾಹುಕಾರರ ಹತ್ತಿ ಕಾರ್ಖಾನೆಯ ಹೆಡ್ಡಾಫೀಸಿನಿಂದ ಹೆಡ್ ಗುಮಾಸ್ತ ಪ್ರಹ್ಲಾದರಾವ್ ಮಾಡುವ ಆಶೀರ್ವಾದ.

ಹತ್ತಿಯ ಧೂಳಿಗೆ ಕೆಮ್ಮುವವರನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಕೆಮ್ಮದವರು ಯಾರೂ ಇಲ್ಲ.

ಈ ವರ್ಷದ ರಜೆಗಳ ಪಟ್ಟಿಯನ್ನು ಇದರ ಜೊತೆ ಕಳಿಸಿದ್ದೇನೆ. ಇದನ್ನು ತೂಕದ ಕಾಟಾದ ಹಿಂದಿನ ಗೋಡೆಗೆ ಇಲಿ ಹತ್ತದ ಎತ್ತರದಲ್ಲಿ ಅಂಟಿಸತಕ್ಕದ್ದು. ಹೋದ ವರ್ಷದ ಪಟ್ಟಿಯನ್ನು ನಿಮ್ಮ ಗೋದಾಮಿನ ಇಲಿ ಸಂಕ್ರಾಂತಿಯಿಂದ ದೀಪಾವಳಿಯವರೆಗೆ ತಿಂದು ಕ್ರಿಸ್‌ಮಸ್ ಒಂದನ್ನೇ ಉಳಿಸಿತ್ತೆಂದೂ, ಸಿರುಗುಪ್ಪದ ಸಿಬ್ಬಂದಿಯೆಲ್ಲ ಅದನ್ನೇ ಭಯಭಕ್ತಿಯಿಂದ ಆಚರಿಸಿದಿರೆಂದೂ ನನಗೆ ವರ್ತಮಾನ ಬಂದಿದೆ.

ಪಟ್ಟಿಯಲ್ಲಿ ಒಂದು ಲಾಭ, ಒಂದು ನಷ್ಟ. ಲಾಭವೇನೆಂದರೆ ಜನವರಿ ಇಪ್ಪತ್ತಾರು ಎಂಬ ಹೊಚ್ಚ ಹೊಸ ರಜೆ ಹುಟ್ಟಿದೆ. ಅಂದು ನಾವು ಗಣರಾಜ್ಯವಾಗುತ್ತೇವಂತೆ. ಇನ್ನು ನಷ್ಟ. ಈ ಸಲ ಯುಗಾದಿ ಭಾನುವಾರ ಬಿದ್ದಿದೆ. ಭಾನುವಾರ ಹೇಗೂ ರಜೆಯಾದ್ದರಿಂದ ಯುಗಾದಿ ಅದರ ಹೊಟ್ಟೆಯೊಳಗೆ ಹೋಯಿತು. ಬದಲಿಗೆ ಸೋಮವಾರ ಕೊಡಬಾರದೇ ಎಂದು ಸಾಹುಕಾರರನ್ನು ಕೇಳಿದೆ. "ಪಂಚಾಂಗ ನಾ ಬರದಿಲ್ಲ ರಾಯರ. ಬರದಾಂವನ್ನ ಹೋಗಿ ಕೇಳ್ರಿ" ಅಂದರು.

ಇನ್ನು ಮುಖ್ಯ ಸಂಗತಿ. ಹೋದ ಏಪ್ರಿಲಿನಿಂದ ಕಾರ್ಖಾನೆಗಳಿಗೆ ಹೊಸ ಕಾನೂನು ಬಂದದ್ದು ನಿನಗೆ ಗೊತ್ತಿದೆ. ಅದರ ಪ್ರಕಾರ ವರ್ಷ ತುಂಬ ದುಡಿದವನಿಗೆ, ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನದಂತೆ, ಮುಂದಿನ ವರ್ಷ ಸಂಬಳದ ರಜೆ ಸಿಗುತ್ತದೆ. ಹದಿನೈದು ದಿನ ಮುಂಚೆ ಅರ್ಜಿ ಹಾಕಬೇಕು. ಕಾರಣ ಬರೆಯಬೇಕು. ನಮ್ಮಲ್ಲಿ ವರ್ಷ ತುಂಬುವುದು ಬರುವ ಏಪ್ರಿಲ್ ಒಂದನೇ ತಾರೀಕಿಗೆ. ಅಲ್ಲಿಯವರೆಗೆ ಎಲ್ಲರ ರಜೆಯೂ ಕಾಯಿ. ಕಲ್ಲು ಹೊಡೆದು ಕೆಡವುವಂತಿಲ್ಲ.

ಪ್ರಹ್ಲಾದರಾವ್


ಸಿರುಗುಪ್ಪ, ೯ ಜನವರಿ ೧೯೫೦

ರಾಯರಿಗೆ ದುರುಗಪ್ಪನ ನಮಸ್ಕಾರಗಳು.

ಪಟ್ಟಿ ತಲುಪಿತು. ಎತ್ತರದಲ್ಲಿ ಅಂಟಿಸಿದ್ದೇನೆ. ಈಗ ಇಲಿಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ. ನೋಡಬೇಕೆಂದರೆ ಹತ್ತಿ ತುಂಬಿದ ಅಂಡಿಗೆಯ ಮೇಲೆ ಹತ್ತಬೇಕು.

ಯುಗಾದಿಯ ಸುದ್ದಿ ಓದಿದೆ. ತಮಗೆ ಇದು ದೊಡ್ಡದಲ್ಲ. ತಾವು ಮನೆಯಿಂದ ಕಚೇರಿಗೆ ಕಂಟೋನ್ಮೆಂಟಿನ ಒಂದು ರಸ್ತೆ ದಾಟುವವರು. ನನ್ನ ಹೆಂಡತಿ, ಮಗಳು, ಅವ್ವ ಮೂವರೂ ಕುರುಗೋಡಿನಲ್ಲಿ. ನನಗೆ ಭಾನುವಾರ ರಜೆ, ಬಸ್ಸಿನವನಿಗೂ ಭಾನುವಾರ ರಜೆ. ಹೀಗಾಗಿ ನಾನು ಮನೆಗೆ ಹೋಗುವುದು ವಾರದ ನಡುವೆ ಹಬ್ಬ ಬಿದ್ದರೆ ಮಾತ್ರ.

ಏಪ್ರಿಲಿನವರೆಗೆ ರಜೆ ಕಾಯಿ ಎಂದು ಬರೆದಿದ್ದೀರಿ. ಹೊಸದು ಕಾಯಿಯಾದರೆ ಇರಲಿ, ಹಳೆಯದನ್ನು ಕೊಡಿರಿ. ಯುದ್ಧ ಶುರುವಾದ ವರ್ಷದಿಂದ ನಾನು ಕಾಟಾದ ಮುಂದೆ ಇದ್ದೇನೆ. ಪ್ರತಿ ಹಂಗಾಮು ಮುಗಿದಾಗಲೂ ದೊಡ್ಡ ಸಾಹುಕಾರರನ್ನು, ಅಂದರೆ ಈಗಿನವರ ತಂದೆಯವರನ್ನು, ರಜೆ ಕೇಳುತ್ತಿದ್ದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳುತ್ತಿದ್ದರು: "ಲೇ ದುರುಗ, ನಿನ್ನ ರಜಾ ಎಲ್ಲಿಗೂ ಹೋಗಂಗಿಲ್ಲ. ಹಗೇವಿನ್ಯಾಗ ಜೋಳ ಇದ್ದಂಗ ನನ್ನ ಹತ್ರ ಇರ್ತೈತಿ. ಬೇಕಾದಾಗ ಬಾ, ತಗದು ಕೊಡ್ತೀನಿ."

ನಮ್ಮ ಕಡೆ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ನನ್ನ ರಜೆಯೂ ಹಾಗೇ ಇದೆಯೆಂದು ನಂಬಿದ್ದೇನೆ. ಹಂಗಾಮು ಮುಗಿದ ಮೇಲೆ ಅದನ್ನೆಲ್ಲ ಒಮ್ಮೆಲೇ ತೆಗೆದು ಮನೆಯಲ್ಲಿ ಇರಬೇಕೆಂದಿದ್ದೇನೆ. ಕೆಲಸವೇನೂ ಇಲ್ಲ. ಸುಮ್ಮನೆ ಇರುವುದು.

ದುರುಗಪ್ಪ


ಬಳ್ಳಾರಿ, ೧೪ ಜನವರಿ ೧೯೫೦

ದುರುಗಪ್ಪನಿಗೆ ಆಶೀರ್ವಾದ.

ಸಂಕ್ರಾಂತಿಯ ದಿನ ಒಳ್ಳೆಯ ಮಾತಾಡಬೇಕಂತೆ. ಆದ್ದರಿಂದ ಎಳ್ಳು ಬೆಲ್ಲ ತಿಂದು, ನೀರು ಕುಡಿದು, ಬಾಯಿ ಒರೆಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಿನ್ನ ಹಗೇವಿನ ವಿಚಾರ ಸಾಹುಕಾರರ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ಅಪ್ಪಾರು ಹೋಗುವಾಗ ಹಗೇವು ಎಲ್ಲೈತಿ ಅಂತ ನನಗ ಹೇಳಿ ಹೋಗಿಲ್ಲ" ಅಂದರು. ಕಾನೂನು ಬರುವುದಕ್ಕೆ ಮೊದಲಿನ ರಜೆ ಎಲ್ಲೂ ಇಲ್ಲ, ದುರುಗಪ್ಪ. ನೀನು ಜೋಳ ತುಂಬಿದ್ದು ನಿಜ. ಅದಕ್ಕೆ ತಳ ಇರಲಿಲ್ಲ. ನನಗೆ ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳಬೇಡ. ಹೆಡ್ ಗುಮಾಸ್ತನಿಗೆ ಎಷ್ಟೋ ಗೊತ್ತಿರುತ್ತದೆ. ಎಲ್ಲವನ್ನೂ ಹೇಳುತ್ತ ಕೂತರೆ ಜಮಾಖರ್ಚು ಬರೆಯುವವರು ಯಾರು?

ಸದ್ಯಕ್ಕೆ ಜನವರಿ ಇಪ್ಪತ್ತಾರು ಗುರುವಾರ. ಬಸ್ಸು ಉಂಟು. ಹೋಗಿ ಬಾ.

ಪ್ರಹ್ಲಾದರಾವ್


ಸಿರುಗುಪ್ಪ, ೨೮ ಜನವರಿ ೧೯೫೦

ರಾಯರಿಗೆ ನಮಸ್ಕಾರ.

ಹಗೇವಿನ ಬಗ್ಗೆ ತಾವು ಬರೆದದ್ದು ಓದಿದೆ.

ಹೊಸ ಹಬ್ಬಕ್ಕೆ ಕುರುಗೋಡಿಗೆ ಹೋಗಿ ಬಂದೆ. ನಮ್ಮ ಅವ್ವ ವಿರೂಪಮ್ಮನಿಗೆ ಈ ಹಬ್ಬ ಗಂಟಲಿಗೆ ಇಳಿಯಲಿಲ್ಲ.

"ಇದು ಯಾವ ದೇವರದಲೇ ದುರುಗ? ಎಡಿ ಏನು ಮಾಡಬೇಕು?"

"ದೇವರದಲ್ಲ ಬೇ, ಸರಕಾರದ ಹಬ್ಬ."

"ಸರಕಾರ ಏನು ಉಣ್ತೈತಿ?"

"ಏನು ಇಟ್ರೂ ಉಣ್ತೈತಿ."

ಕಡೆಗೆ ನನ್ನ ಹೆಂಡತಿ ಜಡೆಮ್ಮ, "ಉಣ್ಣಾಂವ ಬಂದಾನಲ್ಲ, ಸಾಕು" ಅಂತ ಗೋಧಿ ಹುಗ್ಗಿ ಮಾಡಿದಳು.

ಮಗಳು ಉಚ್ಚೆಂಗಿಗೆ ಈಗ ಆರು ವರ್ಷ. ಸಾಲಿಯಲ್ಲಿ ಬಾವುಟ ಹಾರಿಸಿ ಪೆಪ್ಪರಮೆಂಟು ಕೊಟ್ಟಿದ್ದರು. ಅದನ್ನು ಚೀಪುತ್ತ ಓಣಿಯಲ್ಲೆಲ್ಲ ಸಾರಿಕೊಂಡು ಬಂದಳು: "ನಮ್ಮಪ್ಪ ಬರಲಿ ಅಂತ ಸರಕಾರದೋರು ಹೊಸ ಹಬ್ಬ ಮಾಡ್ಯಾರ!" ಅವಳಿಗೆ ಅಪ್ಪನೆಂದರೆ ಹಬ್ಬಕ್ಕೆ ಬರುವವನು. ಹಬ್ಬವಿಲ್ಲದ ದಿನ ಅಪ್ಪ ಎಂಬುವನು ಇರುತ್ತಾನೆಂದೇ ಅವಳಿಗೆ ಗೊತ್ತಿಲ್ಲ. ಹೋದ ವರ್ಷ ಸಾಹುಕಾರರ ಕಾಗದ ಕೊಡಲು ಒಂದು ಮಂಗಳವಾರ ಆ ದಾರಿಯಲ್ಲಿ ಹೋಗಿ ಮನೆಯೊಳಗೆ ಕಾಲಿಟ್ಟರೆ, ಹೊಸ ಲಂಗ ಹುಡುಕಲು ಓಡಿದಳು.

ಹೊರಡುವಾಗ ಕೇಳಿದಳು, "ಅಪ್ಪಾ, ಹಬ್ಬ ಯಾರು ಮಾಡ್ತಾರ?"

"ಬಳ್ಳಾರ್ಯಾಗ ರಾಯರು ಅದಾರ. ಪಟ್ಟಿ ಅವರು ಕಳಸ್ತಾರ."

"ಹಂಗಾದ್ರ ಅವರಿಗೆ ಹೇಳು, ಇನ್ನೊಂದೀಟು ಮಾಡ್ರಿ ಅಂತ."

ಹೇಳಿದ್ದೇನೆ. ಯುಗಾದಿ ಭಾನುವಾರ ಬಿದ್ದದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ದುರುಗಪ್ಪ


ಬಳ್ಳಾರಿ, ೩ ಫೆಬ್ರುವರಿ ೧೯೫೦

ಕುರುಗೋಡಿನ ಕುಮಾರಿ ಉಚ್ಚೆಂಗೆಮ್ಮನವರ ಅರ್ಜಿಯ ಮೇಲೆ ಹೆಡ್ಡಾಫೀಸಿನ ತೀರ್ಪು. ಇದನ್ನು ಅವಳ ತಂದೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಅರ್ಜಿದಾರಳು ಹಬ್ಬಗಳು ಸಾಲವೆಂದು ದೂರಿದ್ದಾಳೆ. ದೂರು ನ್ಯಾಯವಾಗಿದೆ. ಆದರೆ ಹಬ್ಬ ಮಾಡುವ ಅಧಿಕಾರ ಸ್ವಲ್ಪ ಚಂದ್ರನಿಗೆ, ಸ್ವಲ್ಪ ಮದ್ರಾಸಿನ ಸರಕಾರಕ್ಕೆ, ಉಳಿದದ್ದು ಸಾಹುಕಾರರಿಗೆ ಹಂಚಿಹೋಗಿದೆ. ಹೆಡ್ ಗುಮಾಸ್ತನ ಪಾಲಿಗೆ ಬಂದದ್ದು ಪಟ್ಟಿಗೆ ಗೋಂದು ಹಚ್ಚುವ ಅಧಿಕಾರ. ಅವನು ಸ್ವತಃ ಏಕಾದಶಿಯ ದಿನವೂ ಹೊಟ್ಟೆಗೆ ರಜೆ ಕೊಟ್ಟು, ಕೈಗೆ ಕೊಡದೆ, ಕಚೇರಿಗೆ ಬರುತ್ತಾನೆ. ಆದ್ದರಿಂದ ಅರ್ಜಿಯನ್ನು ಚಂದ್ರನಿಗೆ ಕಳಿಸಿದೆ. ಜವಾಬು ಬರುವವರೆಗೆ ಅರ್ಜಿದಾರಳು ಮಗ್ಗಿ ಕಲಿಯತಕ್ಕದ್ದು.

ದುರುಗಪ್ಪ, ಹಂಗಾಮು ಶುರುವಾಯಿತು. ಇನ್ನು ತಮಾಷೆ ಸಾಕು. ತೆಕ್ಕಲಕೋಟೆಯಲ್ಲಿ ಹೊಸದಾಗಿ ತೆರೆದ, ಹತ್ತಿಬೀಜ ಬಿಡಿಸುವ ಜಿನ್ನಿನವರು ತೂಕದವರನ್ನು ಹೆಚ್ಚು ಸಂಬಳಕ್ಕೆ ಕರೆಯುತ್ತಿದ್ದಾರೆಂದು ಸಾಹುಕಾರರು ರಾತ್ರಿ ನಿದ್ದೆ ಬಿಟ್ಟಿದ್ದಾರೆ. ನೀನು ಎಚ್ಚರದಿಂದಿರು, ಅಂದರೆ ಅಲ್ಲಿಗೆ ಹೋಗಬೇಡ.

ಪ್ರಹ್ಲಾದರಾವ್


ಸಿರುಗುಪ್ಪ, ೮ ಮಾರ್ಚ್ ೧೯೫೦

ರಾಯರಿಗೆ,

ನನಗೆ ನಾಳೆಯಿಂದ ರಜೆ ಬೇಕು. ಎಷ್ಟು ದಿನವೆಂದು ಹೇಳಲು ಬರುವುದಿಲ್ಲ. ಕಾರಣ ಬರೆಯಲು ಬರುವುದಿಲ್ಲ. ಸಂಬಳ ಬೇಡ.

ದುರುಗಪ್ಪ


ಬಳ್ಳಾರಿ, ೧೦ ಮಾರ್ಚ್ ೧೯೫೦

ದುರುಗಪ್ಪನಿಗೆ,

ಇಷ್ಟು ಚಿಕ್ಕ ಪತ್ರವನ್ನು ನೀನು ಹಿಂದೆಂದೂ ಬರೆದವನಲ್ಲ. ಅಂಡಿಗೆ ಚಿಕ್ಕದಾಗಿದ್ದು ಭಾರ ಬಂದರೆ ಒಳಗೆ ಕಲ್ಲಿದೆಯೇ ಎಂದು ನೋಡಬೇಕೆಂದು ನೀನೇ ಹೇಳಿಕೊಟ್ಟದ್ದು. ನೋಡಿದೆ.

ಹದಿನೈದು ದಿನ ಮುಂಚೆ ಬರಬೇಕಾದ ಅರ್ಜಿ ಒಂದು ದಿನ ಮುಂಚೆ ಬರೆದದ್ದು, ಒಂದು ದಿನ ತಡವಾಗಿ ಬಂದಿದೆ. ರಜೆ ಹಣ್ಣಾಗಲು ಇನ್ನೂ ಮೂರು ವಾರ ಬೇಕು. ಎದುರಿಗೆ ಹಂಗಾಮು, ಗಾಡಿಗಳು ಬಂದು ಸಾಲುಗಟ್ಟಿ ನಿಂತಿವೆ. ಇವನ್ನೆಲ್ಲ ಹೇಗೋ ದಾಟಿಸಬಹುದಿತ್ತು. ಕಾಯಿಲೆ ಎಂದು ಒಂದು ಪದ ಬರೆದಿದ್ದರೆ ನಾನೇ ಸಾಹುಕಾರರ ಮುಂದೆ ನಿನಗಾಗಿ ಕೆಮ್ಮುತ್ತಿದ್ದೆ. ನೀನು ಅದನ್ನೂ ಬರೆದಿಲ್ಲ. ಬರೆಯಲಾಗದ ಕಾರಣ ಎಂದರೇನು? ನನ್ನ ಸರ್ವಿಸಿನಲ್ಲಿ ಕಂಡಂತೆ ಅವು ಎರಡೇ. ಒಂದು ಹೆಂಡ, ನೀನು ಮುಟ್ಟುವುದಿಲ್ಲ. ಇನ್ನೊಂದು ತೆಕ್ಕಲಕೋಟೆ.

ಸಾಹುಕಾರರು ನಿನ್ನ ಪತ್ರ ನೋಡಿ, "ಹೋಗ್ತಾನಂತೇನು? ಹೋದ್ರ ಹಂಗ ಹೋಗು ಅನ್ರಿ" ಅಂದರು. ರಜೆ ಇಲ್ಲ. ಹುಚ್ಚುತನ ಮಾಡಬೇಡ.

ಪ್ರಹ್ಲಾದರಾವ್


ಸಿರುಗುಪ್ಪ, ೧೩ ಮಾರ್ಚ್ ೧೯೫೦

ರಾಯರಿಗೆ ನಮಸ್ಕಾರ.

ತೆಕ್ಕಲಕೋಟೆಯವರು ನನ್ನನ್ನು ಕರೆದದ್ದು ನಿಜ. ಎರಡು ಸಲ ಬಂದಿದ್ದರು. ನಾನು ಹೋಗುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ. ತಮಗೆ ಇದನ್ನು ಹೇಳಬೇಕೆಂದು ಅನಿಸಿರಲಿಲ್ಲ.

ಕಾಯಿಲೆ ಎಂದು ಬರೆಯಲು ಬರುವುದಿಲ್ಲ. ಹಾಗೆ ಅನ್ನಲೂ ಬಾರದು. ಕುರುಗೋಡಿನಿಂದ ಬಂದ ಗಾಡಿಯವನ ಕೈಯಲ್ಲಿ ಅವ್ವ ಹೇಳಿ ಕಳಿಸಿದ್ದನ್ನಷ್ಟೇ ಬರೆಯುತ್ತೇನೆ. ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ್ದಾರೆ. ಹೊರಗಿನವರು ಯಾರೂ ಒಳಗೆ ಕಾಲಿಡುತ್ತಿಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡಿರಿ. ತಾವು ಓದಿದವರು, ತಿಳಿಯುತ್ತದೆ.

ಕಾಟಾದ ಮುಂದೆ ನಿಂತಿದ್ದೇನೆ. ತೂಕ ಎರಡೆರಡು ಸಲ ನೋಡುತ್ತಿದ್ದೇನೆ, ಕಣ್ಣಿಗೆ ಹತ್ತುತ್ತಿಲ್ಲ.

ದುರುಗಪ್ಪ


ಬಳ್ಳಾರಿ, ೧೬ ಮಾರ್ಚ್ ೧೯೫೦

ದುರುಗಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ನನ್ನ ಎದೆ ಹಗುರವಾಯಿತು. ಇಷ್ಟೇ ತಾನೆ? ಅತ್ತೆ ಸೊಸೆಗೆ ಜಗಳವಾಗಿದೆ, ಒಗ್ಗರಣೆಯ ಮುಷ್ಕರ ಹೂಡಿದ್ದಾರೆ, ನೆರೆಹೊರೆಯವರು ನಡುವೆ ಬರಲು ಹೆದರಿದ್ದಾರೆ. ಇದನ್ನು ಬರೆಯಲು ನಾಚಿಕೆಯೇ? ಕಂಟೋನ್ಮೆಂಟಿನಲ್ಲಿ ಇದು ತಿಂಗಳಿಗೊಮ್ಮೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಇತ್ತೀಚೆಗೆ ಸ್ವಲ್ಪ ಕಡಿಮೆ.

ಒಂದು ವೇಳೆ ಜಗಳದ ಮೂಲ ಎಣ್ಣೆಯ ತಾಪತ್ರಯವಾಗಿದ್ದರೆ ಎಂದು ಯೋಚಿಸಿ, ನಾಳೆಯ ಬಸ್ಸಿನಲ್ಲಿ ಒಂದು ಡಬ್ಬಿ ಕಡಲೆಕಾಯಿ ಎಣ್ಣೆ ಕಳಿಸುತ್ತಿದ್ದೇನೆ. ಗಾಣದಿಂದ ನಾನೇ ನಿಂತು ಹಿಡಿಸಿದ್ದು. ಮನೆಗೆ ಮುಟ್ಟಿಸು. ಚುರ್ ಅಂತ ಒಗ್ಗರಣೆ ಬಿದ್ದರೆ ಎಂಥ ಜಗಳವೂ ಅಡಗುತ್ತದೆ.

ಪ್ರಹ್ಲಾದರಾವ್


ಬಳ್ಳಾರಿ, ೨೦ ಮಾರ್ಚ್ ೧೯೫೦

ದುರುಗಪ್ಪ,

ಇದು ನಿನ್ನ ಕೈಸೇರುವ ಹೊತ್ತಿಗೆ ನೀನು ಎಲ್ಲಿರುತ್ತೀಯೋ ಗೊತ್ತಿಲ್ಲ. ಆದ್ದರಿಂದ ಒಂದು ಪ್ರತಿ ಸಿರುಗುಪ್ಪಕ್ಕೆ, ಒಂದು ಪ್ರತಿ ಕುರುಗೋಡಿಗೆ.

ನಿನ್ನೆ ಯುಗಾದಿ. ಊಟಕ್ಕೆ ಕೂತಾಗ ನಗಿಸೋಣವೆಂದು ನಿನ್ನ ಒಗ್ಗರಣೆಯ ಕಥೆಯನ್ನು ಮನೆಯಾಕೆಗೆ ಹೇಳಿದೆ. ಎಣ್ಣೆ ಡಬ್ಬಿಯವರೆಗೆ ಬಂದಿದ್ದೆ. ವೆಂಕೂಬಾಯಿ ಬಡಿಸುವ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಏನಂದ್ರಿ? ಒಗ್ಗರಣಿ ನಿಲ್ಲಿಸ್ಯಾರಂತ?"

"ಹೂಂ."

"ಹೊರಗಿನವರು ಬರಂಗಿಲ್ಲಂತ?"

"ಹೂಂ, ಜಗಳ ನೋಡು..."

"ನಿಮ್ಮ ಜಗಳ ಸುಡ್ಲಿ! ಆ ಮನ್ಯಾಗ ಅಮ್ಮ ಬಂದಾಳ್ರೀ, ಕೂಸಿನ ಮೈಮ್ಯಾಲೆ ಎದ್ದಾಳ. ಒಗ್ಗರಣಿ ವಾಸನಿ ಆಕಿಗೆ ಆಗಂಗಿಲ್ಲ. ರೋಗ ಅಂದ್ರ ಸಿಟ್ಟಿಗೇಳ್ತಾಳ ಅಂತ ಯಾರೂ ಬಾಯಿ ಬಿಡಂಗಿಲ್ಲ. ನಾವಿವತ್ತು ಬೇವು ತಿಂದೀವಿ. ಅವರ ಬಾಗಲಿಗೆ ಬೇವು ಎಂದೋ ಕಟ್ಟ್ಯಾರ. ಅಂಥಾ ಮನಿಗೆ ಎಣ್ಣಿ ಕಳಿಸೀರಿ! ಎಷ್ಟು ವರ್ಷ ಆತು ನೀವು ಆಫೀಸಿನ್ಯಾಗ?"

ನಾನು ಎದ್ದು ಕೈತೊಳೆದೆ. ಹೋಳಿಗೆ ಎಲೆಯಲ್ಲೇ ಉಳಿಯಿತು.

ಇವತ್ತು ಬೆಳಿಗ್ಗೆ ನಿನ್ನ ಮಗಳಿಗೆ ಸಿಡುಬು ಎಂದು ಸಾಹುಕಾರರಿಗೆ ಬಾಯಿಬಿಟ್ಟು ಹೇಳಿದೆ; ನೀವು ಹೇಳಬಾರದ್ದನ್ನು ನಾನು ಹೇಳಿದರೆ ದೇವಿ ನನ್ನ ಮೇಲೆ ಸಿಟ್ಟಾಗಲಿ. ಅವರು ಬೇಡವೆನ್ನಲಿಲ್ಲ. ನೀನು ಹೊರಡು. ಈ ಪತ್ರ ಕಂಡ ಕೂಡಲೇ ಹೊರಡು. ಕಾಟಾಕ್ಕೆ ಬೀಗ ಹಾಕಿದರೂ ಸರಿ.

ಪ್ರಹ್ಲಾದರಾವ್


ಕುರುಗೋಡು, ೨೨ ಮಾರ್ಚ್ ೧೯೫೦

ರಾಯರಿಗೆ ನಮಸ್ಕಾರ.

ನಾನು ರಜೆ ಇಲ್ಲದೆ ಬಂದಿದ್ದೇನೆ. ಇದನ್ನು ತಾವು ಯಾರಿಂದಲೋ ಕೇಳುವ ಮುಂಚೆ ನಾನೇ ಬರೆಯಬೇಕೆಂದು ಕೂತಿದ್ದೇನೆ. ಕಾಟಾವನ್ನು ಜಿನ್ನಿನ ಮೇಸ್ತ್ರಿಗೆ ಒಪ್ಪಿಸಿದ್ದೇನೆ. ತಾವು ಕಳಿಸಿದ ಎಣ್ಣೆಯನ್ನು ಗೋದಾಮಿನಲ್ಲಿ ಇಟ್ಟಿದ್ದೇನೆ. ತಾವು ಕೆಟ್ಟ ಮನಸ್ಸಿನಿಂದ ಕಳಿಸಿದ್ದಲ್ಲ.

ಯುಗಾದಿಯ ದಿನ ಬಸ್ಸಿರಲಿಲ್ಲ. ತೆಕ್ಕಲಕೋಟೆಯವರೆಗೆ ಖಾಲಿ ಗಾಡಿಯೊಂದು ಸಿಕ್ಕಿತು, ಅಲ್ಲಿಂದ ನಡೆದೆ. ಆ ಹೊಸ ಜಿನ್ನಿನ ಬಾಗಿಲ ಮುಂದೆಯೇ ನಡೆದೆ. ಯಾರಾದರೂ ನೋಡಿ ಬಂದು ಹೇಳಿದರೆ ಹೇಳಲಿ.

ಮಧ್ಯಾಹ್ನ ಇಳಿದ ಮೇಲೆ ಮನೆ ಮುಟ್ಟಿದೆ. ಬಾಗಿಲಿಗೆ ಬೇವು. ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಅಲ್ಲೇ ನಿಲ್ಲು. ಹೊರಗಿನ ದೂಳಿ 'ಆಕಿಗೆ' ಆಗಂಗಿಲ್ಲ."

"ನಾ ಹೊರಗಿನಾಂವೇನು ಬೇ?"

"ಊರ ಹೊರಗಿಂದ ಬಂದೀಯಲ್ಲಪ್ಪ."

ಅವಳ ಕಣ್ಣಲ್ಲಿ ನೀರಿತ್ತು, ಆದರೆ ಕಾಲು ಸರಿಸಲಿಲ್ಲ. ದೇವಿ ಇಳಿದು ಹೋಗುವವರೆಗೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಇದನ್ನು ಮುರಿದು ಮಗಳಿಗೆ ಏನಾದರೂ ಆದರೆ ಎಂದು ನನಗೂ ಹೆದರಿಕೆ. ಅಂದಿನಿಂದ ಎದುರು ಮನೆಯ ಕಟ್ಟೆಯ ಮೇಲೆ ಇದ್ದೇನೆ. ಊಟ ಅಲ್ಲೇ, ನಿದ್ದೆ ಅಲ್ಲೇ. ಹೋಗುವವರು ಬರುವವರು ಒಂದು ಮಾತು ಎಸೆದೇ ಹೋಗುತ್ತಾರೆ. "ಏನ್ ದುರುಗಪ್ಪ, ಸಾಹುಕಾರ ನಿನ್ನ ಕಟ್ಟಿ ಕಾಯಾಕ ಹಾಕ್ಯಾನೇನು?"

ನನ್ನ ದನಿ ಉಚ್ಚೆಂಗಿಗೆ ಮೊದಲ ದಿನವೇ ಕೇಳಿಸಿತು. ಕಿಟಕಿಗೆ ಬಟ್ಟೆ ಕಟ್ಟಿದ್ದಾರೆ. ಅದರ ಹಿಂದಿನಿಂದ ಕೂಗಿದಳು.

"ಅಪ್ಪಾ, ಇವತ್ತು ಯಾವ ಹಬ್ಬ?"

"ಯುಗಾದಿ."

ಮರುದಿನ ಮತ್ತೆ. "ಅಪ್ಪಾ, ಅದೀಯೇನು? ಇವತ್ತು ಯಾವ ಹಬ್ಬ?"

"ಯುಗಾದಿ" ಅಂದೆ.

"ನಿನ್ನಿನೂ ಯುಗಾದಿ ಇತ್ತಲ್ಲ?"

"ಭಾನುವಾರ ಬಿದ್ರ ಮುಗಿಯಂಗಿಲ್ಲ ಮಗಳ. ಹಂಗ ನಡದಿರ್ತೈತಿ."

ಒಳಗಿನಿಂದ ಜಡೆಮ್ಮ ನಕ್ಕ ದನಿ ಕೇಳಿಸಿತು. ನಕ್ಕಳೋ ಅತ್ತಳೋ, ಬಟ್ಟೆಯ ಆಚೆ ಇದ್ದಳು.

ನಿನ್ನೆಯಿಂದ ಉಚ್ಚೆಂಗಿ ಏನೂ ಕೇಳುತ್ತಿಲ್ಲ. ಕರೆದರೆ ಓಗೊಡುವುದಿಲ್ಲ. ಉಸಿರಾಡುತ್ತಿದ್ದಾಳೆಂದು ಜಡೆಮ್ಮ ತಾಸಿಗೊಮ್ಮೆ ಕಿಟಕಿಯಿಂದ ಹೇಳುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು ಒಂದೇ ಸಮನೆ ಏನಾದರೂ ಮಾತಾಡುತ್ತಿರುತ್ತೇನೆ. ಕಾಟಾದ ಸುದ್ದಿ, ಎತ್ತುಗಳ ಸುದ್ದಿ. ದನಿ ನಿಂತರೆ ಹಬ್ಬ ಮುಗಿಯಿತೆಂದು ತಿಳಿದಾಳು.

ತಾವು ಕೆಲಸದಿಂದ ತೆಗೆದರೂ ಬೇಸರವಿಲ್ಲ.

ದುರುಗಪ್ಪ


ಬಳ್ಳಾರಿ, ೨೭ ಮಾರ್ಚ್ ೧೯೫೦

ದುರುಗಪ್ಪನಿಗೆ,

ಇವತ್ತು ರಾಮನವಮಿ. ವೆಂಕೂಬಾಯಿ ಪಾನಕ ಮಾಡಿ, ಮೊದಲ ಲೋಟ ದೇವರ ಮುಂದಿಟ್ಟು ನಿನ್ನ ಮಗಳ ಹೆಸರು ಹೇಳಿದಳು. ಕುರುಗೋಡಿನಿಂದ ಹತ್ತಿ ತಂದವನೊಬ್ಬ, ಹುಡುಗಿ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದಳಂತೆ ಎಂದು ಹೇಳಿದ. ನಿಜವೇ? ಬರೆ.

ಇನ್ನು ಬರೆಯಲೇಬೇಕಾದದ್ದು. ಮೇಸ್ತ್ರಿಗೆ ತೂಕ ಬರುವುದಿಲ್ಲ. ರೈತರು ಗಲಾಟೆ ಮಾಡಿದ್ದಾರೆ. ಸಾಹುಕಾರರು ಇವತ್ತು ಕರೆದು ಹೇಳಿದರು: "ಮಗಳಿಗೆ ಹುಷಾರಿಲ್ಲ ಅಂದ್ರಿ, ಇಷ್ಟು ದಿನ ಸುಮ್ಮಕಿದ್ದೆ. ಮಾರ್ಚ್ ಮೂವತ್ತೊಂದಕ್ಕ ವರ್ಷದ ಲೆಕ್ಕ ಮುಗೀತೈತಿ. ಆವತ್ತು ಮುಂಜಾನೆ ಕಾಟಾದ ಮುಂದ ಮನುಷ್ಯಾ ಇರಬೇಕು. ಇಲ್ಲಂದ್ರ ಬ್ಯಾರೆ ಮನುಷ್ಯಾನ್ನ ನೋಡ್ರಿ." ಏಪ್ರಿಲ್ ಒಂದರಿಂದ ಅವನಿಗೆ ಹಕ್ಕಿನ ರಜೆ ಇದೆಯಲ್ಲ, ಒಂದು ದಿನದ ಮಾತು ಎಂದೆ. "ಆ ಒಂದು ದಿನಾನ ನಾ ಕೇಳಾಕತ್ತಿದ್ದು" ಅಂದರು. ಆಮೇಲೂ ಹೇಳಿ ನೋಡಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ.

ಗುರುವಾರ ಸಂಜೆಯ ಬಸ್ಸಿಗೆ ಕುರುಗೋಡು ಬಿಡು. ಇದರಲ್ಲಿ ತಮಾಷೆ ಹುಡುಕಬೇಡ. ಇಲ್ಲ.

ಪ್ರಹ್ಲಾದರಾವ್


ಕುರುಗೋಡು, ೩೦ ಮಾರ್ಚ್ ೧೯೫೦

ರಾಯರಿಗೆ ನಮಸ್ಕಾರ.

ತಮ್ಮ ಪತ್ರ ನಿನ್ನೆ ಬಂತು. ಮಜ್ಜಿಗೆ ಕೇಳಿದ್ದು ನಿಜ. ಗಡಿಗೆಯಲ್ಲಿದ್ದದ್ದನ್ನೆಲ್ಲ ಕುಡಿದಳಂತೆ.

ಇವತ್ತು ಬೆಳಿಗ್ಗೆ ಬೇವಿನ ನೀರು ಹಾಕಿ, ಮೊಸರನ್ನ ಎಡೆ ಮಾಡಿ, ದೇವಿಯನ್ನು ಊರ ಗಡಿಯವರೆಗೆ ಕಳಿಸಿ ಬಂದರು. ಮಧ್ಯಾಹ್ನಕ್ಕೆ ಅವ್ವ ಬಾಗಿಲ ಬೇವು ತೆಗೆದು, "ಬಾ" ಅಂದಳು. ಕಟ್ಟೆಯಿಂದ ಇಳಿದು ಓಣಿ ದಾಟಿದೆ.

ಮಗಳ ಮುಖದ ತುಂಬ ಕಲೆ ಬಿದ್ದಿದೆ. ಕಣ್ಣು ಎರಡೂ ಉಳಿದಿವೆ. ನನ್ನನ್ನು ನೋಡಿ ಯಾವ ಹಬ್ಬವೆಂದು ಕೇಳಲಿಲ್ಲ. ನನ್ನ ಗಡ್ಡ ಬೆಳೆದದ್ದನ್ನು ಮುಟ್ಟಿ, "ಚುಚ್ಚತೈತಿ" ಅಂದಳು. ಆಮೇಲೆ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಜಡೆಮ್ಮ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಎಷ್ಟು ದಿನದ ನಿದ್ದೆಯೋ. ಅವ್ವ ಕಾಗದ, ಸೀಸದಕಡ್ಡಿ ತಂದು ಪಕ್ಕದಲ್ಲಿಟ್ಟಳು. ನೆಲದ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ತಪ್ಪು ತಿಳಿಯಬಾರದು.

ಈಗ ಬಸ್ಸು ಬಂದು ನಿಂತ ಸದ್ದಾಯಿತು. ನಾನು ಎದ್ದರೆ ಅವಳಿಗೆ ಎಚ್ಚರವಾಗುತ್ತದೆ.

ಕಾಟಾಕ್ಕೆ ಬೇರೆಯವನನ್ನು ಹಾಕಿಕೊಳ್ಳಿರಿ. ಬೆಳಗಿನ ತಂಪಿಗೆ ಅದು ಸ್ವಲ್ಪ ಎಡಕ್ಕೆ ವಾಲುತ್ತದೆ, ಬಿಸಿಲು ಬೀಳುವವರೆಗೆ ರೈತರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಬೇಕೆಂದು ಅವನಿಗೆ ಹೇಳಿರಿ. ತಾವು ನನಗಾಗಿ ಬಹಳ ಮಾತಾಡಿದ್ದೀರಿ.

ಹಾರ್ನ್ ಎರಡು ಸಲ ಹೊಡೆದ. ಹೋದ.

ದುರುಗಪ್ಪ


ಸಿರುಗುಪ್ಪ, ೩೧ ಮಾರ್ಚ್ ೧೯೫೦

ದುರುಗಪ್ಪನಿಗೆ ಆಶೀರ್ವಾದ.

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡ, ಕೈ ತಪ್ಪಿಲ್ಲ. ನಿನ್ನೆ ಸಂಜೆಯ ಬಸ್ಸು ಇಲ್ಲಿಗೆ ಬಂದಾಗ ನಾನು ನಿಲ್ದಾಣದಲ್ಲಿದ್ದೆ. ಇಳಿದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದೆ. ನೀನು ಇಳಿದಿದ್ದರೆ ಕೊರಳಪಟ್ಟಿ ಹಿಡಿದು ತಿರುಗಿ ಹತ್ತಿಸಬೇಕೆಂದು ಬಂದಿದ್ದೆ. ಇಳಿಯಲಿಲ್ಲ. ಮಗಳಿಗೆ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದೆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಕುರುಗೋಡಿನ ಗಾಡಿಯವನು ಬಾಗಿಲ ಬೇವು ತೆಗೆದಿದ್ದಾರೆಂದು ಹೇಳಿದ. ಆಮೇಲೆ ಕಾಫಿ ಕುಡಿದೆ.

ಸಾಹುಕಾರರಿಗೆ ರಾಯರ ದರ್ಶನಕ್ಕೆ ಮಂತ್ರಾಲಯಕ್ಕೆ ಹೋಗುತ್ತೇನೆಂದು ಹೇಳಿದೆ. ಹಂಗಾಮಿನಲ್ಲಿ ಹೆಡ್ ಗುಮಾಸ್ತನಿಗೆ ರಜೆಯೇ ಎಂದು ಬಾಯಿ ತೆರೆದವರು, ರಾಯರ ಹೆಸರು ಕೇಳಿ ಮುಚ್ಚಿದರು. ಮಂತ್ರಾಲಯಕ್ಕೆ ಇದೇ ದಾರಿ; ನಾನು ಸ್ವಲ್ಪ ಮುಂಚೆ ಇಳಿದಿದ್ದೇನೆ, ಅಷ್ಟೆ. ರಾಯರು ಬೃಂದಾವನದಲ್ಲಿ ಕೂತವರು, ಕಾಯುತ್ತಾರೆ. ಸಾಹುಕಾರರು ಕೇಳಿದ್ದು ಕಾಟಾದ ಮುಂದೆ ಒಬ್ಬ ಮನುಷ್ಯನನ್ನು. ಯಾವ ಮನುಷ್ಯನೆಂದು ಹೇಳಲಿಲ್ಲ.

ಇವತ್ತು ಸೂರ್ಯ ಹುಟ್ಟುವ ಮೊದಲೇ ಕಾಟಾದ ಮುಂದೆ ನಿಂತೆ. ಎಡಕ್ಕೆ ವಾಲುತ್ತದೆ, ನೀನು ಒಂದು ಮಾತು ಹೇಳಬಾರದಿತ್ತೇ? ಮೊದಲ ಮೂರು ಗಾಡಿಯವರು ನನ್ನನ್ನು ಕಳ್ಳನೆಂದರು. ನಾಲ್ಕನೆಯವನು ನನ್ನ ಗೋಪೀಚಂದನದ ಮುದ್ರೆ ನೋಡಿ, "ಸ್ವಾಮೇರು ತೂಗಾಕತ್ಯಾರಲೇ, ಹತ್ತಿಗೆ ಶಾಂತಿ ಮಾಡಸ್ತಾರೋ ಏನೋ!" ಅಂದ. ಈಗ ಸಂಜೆ. ಮೂಗಿನಲ್ಲಿ, ಕಿವಿಯಲ್ಲಿ, ಜನಿವಾರದಲ್ಲಿ ಹತ್ತಿ. ಮಂಡಿ ಎರಡೂ ಬೇರೆ ಯಾರವೋ ಇದ್ದಂತಿವೆ. ಅಂಡಿಗೆಯೊಂದಕ್ಕೆ ಬೆನ್ನು ಕೊಟ್ಟು ಕೂತಿದ್ದೇನೆ. ಎದ್ದು ದೀಪ ಹಚ್ಚಬೇಕು. ಹಚ್ಚುತ್ತೇನೆ, ಸ್ವಲ್ಪ ಹೊತ್ತಾಗಲಿ.

ನಾಳೆ ಏಪ್ರಿಲ್ ಒಂದು. ನಾಳೆಯಿಂದ ನಿನ್ನದು ಕಾನೂನಿನ ರಜೆ, ಅದನ್ನು ಸಾಹುಕಾರರೂ ಮುಟ್ಟುವಂತಿಲ್ಲ. ಅರ್ಜಿಯನ್ನು ನಿನ್ನ ಪರವಾಗಿ ನಾನೇ ಬರೆದು, ನಾನೇ ಮಂಜೂರು ಮಾಡಿ ಬಂದಿದ್ದೇನೆ. ಅದು ತೀರುವವರೆಗೆ ಮನೆ ಬಿಟ್ಟು ಹೊರಗೆ ಕಾಲಿಡಬೇಡ.

ಜವಾಬು ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಈ ಕಂಪನಿಗೆ ಸೇರಿದಂದಿನಿಂದ ಇದೇ ಮೊದಲ ಸಲ ನಾನು ರಜೆಯಲ್ಲಿದ್ದೇನೆ; ಕಚೇರಿಯ ವಿಷಯವಾಗಿ ಯಾರೂ ನನಗೆ ಕಾಗದ ಹಾಕಕೂಡದು.

ಪ್ರಹ್ಲಾದರಾವ್